ಮೋಸಹೋದವಳ ಸಿಟ್ಟು ಎಲ್ಲಿಗೆ ಹೋಗುತ್ತದೆ?

ಚೆನ್ನೈನ ಮರೀನಾ ಬೀಚಿಗೆ ಹೋದವರು ಕಣ್ಣಗಿಯ ಪ್ರತಿಮೆ ನೋಡಿರುತ್ತೀರಿ. ಟ್ರಿಪ್ಲಿಕೇನ್‌ನ ಉರ್ದು ಮಾತಾಡುವ ಬೀದಿಗಳಿಂದ ನಡೆದೇ ಹೋಗಬಹುದು. ಕೈಯಲ್ಲಿ ಕಾಲಂದುಗೆ, ಮುಖದ ತುಂಬ ಸಿಟ್ಟು. 1968ರಲ್ಲಿ ವಿಶ್ವ ತಮಿಳು ಸಮ್ಮೇಳನದ ಹೊತ್ತಿಗೆ ನಿಲ್ಲಿಸಿದ್ದು. 2001ರ ಡಿಸೆಂಬರ್‌ನಲ್ಲಿ ಅದನ್ನು ತೆಗೆದಾಗ ಊರೆಲ್ಲ ಗಲಾಟೆ, 2006ರಲ್ಲಿ ಮತ್ತೆ ಸಮುದ್ರದ ಎದುರಿಗೇ ಬಂತು. ಸಿಟ್ಟು ಮಾಡಿಕೊಂಡ ಹೆಂಗಸಿಗೆ ಒಂದು ಊರು ಇಷ್ಟು ಮರ್ಯಾದೆ ಕೊಡುವುದು ಅಪರೂಪ ಅಲ್ವಾ? ಆದರೆ ಆಕೆಯ ಸಿಟ್ಟು ಯಾರ ಮೇಲಿನದು ಅಂತ ಒಮ್ಮೆ ಕೇಳಿ ನೋಡಿ.

ಇಳಂಗೋ ಅಡಿಗಳ ‘ಶಿಲಪ್ಪದಿಕಾರಂ’ ಕಥೆ ನಿಮಗೆ ಗೊತ್ತಿರಬಹುದು. ಪುಹಾರಿನ ವ್ಯಾಪಾರಿ ಮಗ ಕೋವಲನ್ ಹೆಂಡತಿ ಕಣ್ಣಗಿಯನ್ನು ಬಿಟ್ಟು ನರ್ತಕಿ ಮಾಧವಿಯ ಮನೆ ಸೇರುತ್ತಾನೆ. ಆಸ್ತಿ ಕರಗಿದ ಮೇಲೆ ವಾಪಸ್ ಬರುತ್ತಾನೆ. ಕಣ್ಣಗಿ ಜಗಳ ಆಡುವುದಿಲ್ಲ, ಕಾಲಂದುಗೆ ಇದೆ, ತಗೊಳ್ಳಿ ಅನ್ನುತ್ತಾಳೆ. ಮಧುರೈಯಲ್ಲಿ ಒಂದು ಸಲ ಮಾತ್ರ, ನೀವು ನಡೆದುಕೊಂಡದ್ದು ಒಳ್ಳೆಯವರು ಮೆಚ್ಚುವ ರೀತಿಯಲ್ಲ ಎಂಬ ಅರ್ಥದ ಮಾತು ಅವಳ ಬಾಯಿಂದ ಬರುತ್ತದೆ. ಅಷ್ಟೇ. ಆಮೇಲೆ ಪಾಂಡ್ಯ ರಾಜ ಸುಳ್ಳು ಕಳ್ಳತನದ ಆರೋಪದ ಮೇಲೆ ಕೋವಲನ್‌ನನ್ನು ಕೊಲ್ಲಿಸಿದಾಗ ನೋಡಿ, ವರ್ಷಗಳಿಂದ ಮುಚ್ಚಿಟ್ಟದ್ದೆಲ್ಲ ಒಡೆಯುತ್ತದೆ. ರಾಜನೆದುರು ಕಾಲಂದುಗೆ ಒಡೆದು ತೋರಿಸುತ್ತಾಳೆ, ರಾಜ ಸಾಯುತ್ತಾನೆ, ತನ್ನ ಎದೆಯನ್ನೇ ಕಿತ್ತೆಸೆದು ಮಧುರೈಗೆ ಬೆಂಕಿ ಹಚ್ಚುತ್ತಾಳೆ.

ಇಲ್ಲಿ ಕವಿ ಮಾಡಿದ ಕೆಲಸ ಗಮನಿಸಿ. ಮೋಸ ಮಾಡಿದ ಗಂಡನಿಗೆ ಒಂದು ಕಿಡಿಯೂ ತಾಗುವುದಿಲ್ಲ. ಸಿಟ್ಟು ಹೊರಗೆ ಬರುವ ಹೊತ್ತಿಗೆ ಅವನೇ ಅನ್ಯಾಯಕ್ಕೆ ಬಲಿಯಾದವನು. ಆದ್ದರಿಂದ ಆಕೆಯ ಸಿಟ್ಟು ನ್ಯಾಯದ ಸಿಟ್ಟಾಯಿತು, ಆಕೆ ದೇವಿಯಾದಳು. ಅದೇ ಕಾಲಂದುಗೆಯನ್ನು ಪುಹಾರಿನ ಹೊಸ್ತಿಲಲ್ಲಿ ಕೋವಲನ್ ತಲೆಗೆ ಎಸೆದಿದ್ದರೆ ಪ್ರತಿಮೆ ಇರುತ್ತಿತ್ತಾ? ನನಗಂತೂ ಅನುಮಾನ. ‘ಬಾಯಿಬಡುಕಿ’ ಅಂತ ನಾಲ್ಕು ಮನೆಯವರು ಮಾತಾಡಿ ಮುಗಿಸುತ್ತಿದ್ದರು.

ಈಗ ನಮ್ಮ ಬಾನು ಮುಷ್ತಾಕ್ ಅವರ ‘ಎದೆಯ ಹಣತೆ’ ಕಥೆಗೆ ಬನ್ನಿ. 2025ರ ಮೇ ತಿಂಗಳಲ್ಲಿ ಅಂತಾರಾಷ್ಟ್ರೀಯ ಬೂಕರ್ ಗೆದ್ದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ (ಅನುವಾದ ದೀಪಾ ಭಾಸ್ತಿ) ಹೆಸರು ಬಂದದ್ದು ಇದರಿಂದಲೇ. ಮೆಹರುನ್‌ಳ ಗಂಡ ಇನಾಯತ್‌ಗೆ ಒಬ್ಬ ನರ್ಸ್ ಜೊತೆ ಸಂಬಂಧ. ಮೆಹರುನ್ ಕೂಸನ್ನೆತ್ತಿಕೊಂಡು ತವರಿಗೆ ಬರುತ್ತಾಳೆ. ಅಪ್ಪ, ಅಣ್ಣಂದಿರು ಅವಳ ಕಷ್ಟ ಕೇಳುವುದಿಲ್ಲ. ಮನೆತನದ ಮರ್ಯಾದೆ ಬೇಕಿದ್ದರೆ ಸುಟ್ಟುಕೊಂಡು ಸಾಯಬೇಕಿತ್ತು, ಇಲ್ಲಿಗೆ ಬರಬಾರದಿತ್ತು ಎನ್ನುವ ಮಾತೂ ಬರುತ್ತದೆ. ವಾಪಸ್ ತಂದು ಬಿಡುತ್ತಾರೆ. ರಾತ್ರಿ ಆಕೆ ಸೀಮೆಎಣ್ಣೆ, ಬೆಂಕಿಪೆಟ್ಟಿಗೆ ಹಿಡಿದು ಹೊರಗೆ ಹೋಗುತ್ತಾಳೆ. ಹಿರಿಮಗಳು ಸಲ್ಮಾ ಕೂಸನ್ನೆತ್ತಿಕೊಂಡು ಓಡಿಬಂದು ತಡೆಯುತ್ತಾಳೆ.

ಎರಡು ಕಥೆಯಲ್ಲೂ ಬೆಂಕಿಯೇ. ಒಬ್ಬಳು ಊರಿಗೆ ಹಚ್ಚಿದಳು, ಇನ್ನೊಬ್ಬಳು ತನಗೇ ಹಚ್ಚಿಕೊಳ್ಳಲು ಹೊರಟಳು. ಇನಾಯತ್ ಮೈಮೇಲೆ ಒಂದು ಗೀರೂ ಇಲ್ಲ.

‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಅಂತ ಗಾದೆ ಇದೆಯಲ್ಲ, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞರು 1939ರಲ್ಲಿ ಹೆಚ್ಚುಕಡಿಮೆ ಅದನ್ನೇ ಸಿದ್ಧಾಂತವಾಗಿ ಬರೆದರು. ಸಿಟ್ಟಿಗೆ ಕಾರಣನಾದವನನ್ನು ಮುಟ್ಟಲು ಭಯವಿದ್ದರೆ ಸಿಟ್ಟು ಹತ್ತಿರ ಸಿಕ್ಕವರ ಮೇಲೆ ಬೀಳುತ್ತದೆ. ಗಂಡ ಮನೆ ಖರ್ಚಿಗೆ ಕೊಡುವವನು. ಅವನು ಎದ್ದು ಹೋದರೆ ಬಾಡಿಗೆ, ಮಕ್ಕಳ ಫೀಸು ಯಾರು ಕೊಡುತ್ತಾರೆ? ಹಾಗಾಗಿ ಏಟು ಬೀಳುವುದು ಮಗುವಿಗೆ, ಒಡೆಯುವುದು ಪಾತ್ರೆ, ಬೈಗುಳವೆಲ್ಲ ಆ ಇನ್ನೊಬ್ಬಳಿಗೆ. ಕೆಲವೊಮ್ಮೆ ಗಂಡನ ಮೇಲೂ ಕೈ ಏಳುತ್ತದೆ, ನಿಜ. ಆದರೆ ಅದು ಒಂದು ದಿನದ ಸಿಟ್ಟಲ್ಲ. ಬೇವಫಾಯಿ ಗೊತ್ತಾದ ಮೇಲೆ ಹಳೆಯ ನೆನಪುಗಳೇ ಸುಳ್ಳಾಗುತ್ತವೆ: ಆ ಈದ್ ದಿನ ಲೇಟಾಗಿ ಬಂದದ್ದು ಯಾಕೆ, ಆ ಫೋನ್ ಯಾರದು ಅಂತ ಪ್ರತಿಯೊಂದನ್ನೂ ಹೊಸದಾಗಿ ತನಿಖೆ ಮಾಡುತ್ತಾಳೆ. ನಿದ್ದೆ ಇಲ್ಲ. ಸಣ್ಣ ಸದ್ದಿಗೂ ಬೆಚ್ಚುತ್ತಾಳೆ. ಅಪಘಾತದಲ್ಲಿ ಬದುಕಿ ಉಳಿದವರ ಲಕ್ಷಣಗಳೇ ಇವು ಅಂತ ದಂಪತಿಗಳ ಆಪ್ತಸಮಾಲೋಚನೆ ಮಾಡುವವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ನನ್ನಲ್ಲೇ ಏನೋ ಕಮ್ಮಿ ಇತ್ತು ಎಂಬ ನಾಚಿಕೆ ಬೇರೆ.

ಹೊಡೆದರೆ ಸಮಾಧಾನ ಆಗುತ್ತದಾ? ಇಲ್ಲ. ಹಣದ ಆಟವೊಂದರಲ್ಲಿ ವಂಚಿಸಿದವರನ್ನು ದಂಡಿಸುವ ಅವಕಾಶ ಸಿಕ್ಕವರು, ಅವಕಾಶ ಸಿಗದವರಿಗಿಂತ ಕಹಿಯಾಗೇ ಉಳಿದರು ಅಂತ 2008ರಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಮತ್ತೆ, ಏಟು ತಿಂದ ಮಗುವಿಗೆ ಅಮ್ಮನ ಮನಶ್ಶಾಸ್ತ್ರ ಬೇಕಿಲ್ಲ. ಅದಕ್ಕೆ ನೋವಾಗಿದೆ, ಅಷ್ಟೇ.

ಹಾಗಾದರೆ ಆಕೆ ಏನು ಮಾಡಬೇಕಿತ್ತು? ನಮ್ಮ ಮನೆಗಳಲ್ಲಿ ಸಿದ್ಧ ಉತ್ತರ ಒಂದೇ, ‘ಸಬರ್ ಕರೋ ಬೇಟಿ’. ಸಬರ್ ದೊಡ್ಡ ಮಾತು, ನಾನು ಅಲ್ಲಗಳೆಯುವುದಿಲ್ಲ. ಆದರೆ ಗಂಡನ ಬಗ್ಗೆ ದೂರು ತಂದ ಖೌಲಾ ಬಿಂತ್ ಸಅಲಬಾ ಅವರ ಪ್ರಸಂಗ ನೆನಪಿದೆಯಲ್ಲ? ಸೂರಃ ಅಲ್ ಮುಜಾದಿಲ ಶುರುವಾಗುವುದೇ ಆ ಹೆಣ್ಣಿನ ಮಾತನ್ನು ಅಲ್ಲಾಹ್ ಕೇಳಿದ್ದಾನೆ ಎಂಬುದರಿಂದ. ಮೆಹರುನ್‌ಳ ತವರಿನಲ್ಲಿ ಸಿಗದೇ ಹೋದದ್ದು ಅದೇ, ಕೇಳುವ ಒಂದು ಕಿವಿ. ಕಾನೂನೂ ಅಂಥದ್ದೇ ಆಗಿತ್ತು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟ್ ರದ್ದು ಮಾಡುವವರೆಗೆ ಐಪಿಸಿ 497ನೇ ಕಲಂನಲ್ಲಿ ದೂರು ಕೊಡುವ ಹಕ್ಕು ಗಂಡಸಿಗೆ ಮಾತ್ರ ಇತ್ತು, ಹೆಂಡತಿಗಿರಲಿಲ್ಲ. 1939ರ ಮುಸ್ಲಿಂ ವಿವಾಹ ವಿಸರ್ಜನೆ ಕಾಯ್ದೆಯಲ್ಲಿ ಗಂಡನ ಕೆಟ್ಟ ಸಹವಾಸವನ್ನು ಕ್ರೌರ್ಯ ಅಂತ ಎಣಿಸಿ ಹೆಂಡತಿ ಬಿಡುಗಡೆ ಕೇಳಬಹುದು ಎನ್ನುವುದು ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳಿಗೆ ಗೊತ್ತು? ಚೆನ್ನೈನಲ್ಲಾದರೆ ಸಾಯುವ ಯೋಚನೆ ಬಂದವರ ಮಾತು ಕೇಳಲೆಂದೇ 1986ರಿಂದ ‘ಸ್ನೇಹಾ’ ಎಂಬ ಸಂಸ್ಥೆ ಇದೆ.

ಬಾನು ಅವರ ಕಥೆ ಇಳಂಗೋ ಕಾವ್ಯಕ್ಕಿಂತ ಪ್ರಾಮಾಣಿಕ ಅಂತ ನನ್ನ ಅಭಿಪ್ರಾಯ. ಗಂಡನನ್ನು ಇಲ್ಲಿ ಸಂತ್ರಸ್ತನನ್ನಾಗಿ ಮಾಡಿ ಉಳಿಸಿಲ್ಲ, ಹೆಂಡತಿಯನ್ನು ದೇವಿ ಮಾಡಿಲ್ಲ. ಆದರೂ ಒಂದು ತಕರಾರಿದೆ. ಕೊನೆಗೆ ಬೆಂಕಿ ಆರಿಸುವ ಕೆಲಸ ಬಿದ್ದದ್ದು ಒಂದು ಹುಡುಗಿಯ ಮೇಲೆ. ಅಜ್ಜ, ಮಾವಂದಿರು ಹೊರಲಾರದ್ದನ್ನು ಸಲ್ಮಾ ಹೊತ್ತಳು. ಕಣ್ಣು ಒದ್ದೆಯಾಗಿ ಪುಸ್ತಕ ಮುಚ್ಚುವ ನಾವು ಅದನ್ನು ಗಮನಿಸದೇ ಹೋಗುತ್ತೇವೆ. ಟೀಚರ್ ಆಗಿ ನನಗೆ ಮೊದಲು ಕಾಣುವುದು ಅವಳೇ. ಮರುದಿನ ಅವಳು ಸ್ಕೂಲಿಗೆ ಹೋದಳೋ ಇಲ್ಲವೋ ಕಥೆ ಹೇಳುವುದಿಲ್ಲ. ಹೋಗಿದ್ದರೆ, ಹೋಂವರ್ಕ್ ಯಾಕೆ ಮಾಡಿಲ್ಲ ಅಂತ ಯಾರೋ ನಿಲ್ಲಿಸಿ ಕೇಳಿರುತ್ತಾರೆ.