ಹಂಬಕರ್‌ನ ಅಂಕಿ, ಬ್ಯಾಂಜೊದ ದನಿ

ನಿಲಂಗಾದಲ್ಲಿ ಬಸವ ಜಯಂತಿಯ ಮೆರವಣಿಗೆ. ಬ್ಯಾಂಜೊ ಪಾರ್ಟಿಯ ಗಾಡಿಯ ಹಿಂದೆ ಒಂದು ಫರ್ಲಾಂಗು ನಡೆದರೂ ಯಾವ ಹಾಡು ನುಡಿಯುತ್ತಿದೆ ಎಂದು ನನಗೆ ತಿಳಿಯಲಿಲ್ಲ. ಚಿಕ್ಕಂದಿನಿಂದ ಕೇಳಿದ ಹಾಡು ಅದು. ಪಲ್ಲವಿ ಎರಡನೇ ಸಲ ಬಂದಾಗ ಗುರುತು ಸಿಕ್ಕಿತು. ವಾದಕರ ಕೈಯಲ್ಲಿ ದೋಷವಿರಲಿಲ್ಲ, ಗುಂಡಿಗಳ ಮೇಲೆ ಬೆರಳು ಚುರುಕಾಗಿಯೇ ಓಡುತ್ತಿತ್ತು. ದನಿ ಮಾತ್ರ ಬಾಯಿ ಮುಚ್ಚಿದ ಕೊಡದೊಳಗಿಂದ ಬಂದ ಹಾಗಿತ್ತು. ಚೌಕದಲ್ಲಿ ಗಾಡಿ ನಿಂತಾಗ ಹತ್ತಿರ ಹೋಗಿ ಕೇಳಿದೆ.

"ಹೊಸಾ ಹಂಬಕರ್ ಹಾಕ್ಸೀನ್ರಿ ಸರ. ಹದಿನಾರರದು. ಮೊದಲಿಂದು ಬರೇ ಎಂಟರದಿತ್ತು" ಎಂದರು ಅವರು, ಹೆಮ್ಮೆಯಿಂದ.

ಹಂಬಕರ್ ಎಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಪಿಕಪ್‌ನ ಒಂದು ಬಗೆ. ಹದಿನಾರು ಎಂದರೆ ಹದಿನಾರು ಕಿಲೊ ಓಮ್. ಗಿಟಾರಿನ ಪಿಕಪ್ ಮಾರುವ ಪೆಟ್ಟಿಗೆಯ ಮೇಲೆ ಎದ್ದು ಕಾಣುವ ಅಂಕಿ. ಅಂಕಿ ದೊಡ್ಡದಾದಷ್ಟೂ ದನಿ ದೊಡ್ಡದು ಎಂಬ ನಂಬಿಕೆ ಉಮರ್ಗಾದಿಂದ ಉದಗೀರದವರೆಗೆ ರಿಪೇರಿ ಅಂಗಡಿಗಳಲ್ಲಿ ಬೇರೂರಿದೆ. ಬೆಂಗಳೂರಿನ ಗಿಟಾರ್ ಅಂಗಡಿಗಳಲ್ಲೂ ಇದೇ ಕೇಳಿದ್ದೇನೆ. ಈ ನಂಬಿಕೆ ತಪ್ಪು. ಅದರಿಂದ ನಮ್ಮ ಸೀಮೆಯ ಒಂದು ಒಳ್ಳೆಯ ವಾದ್ಯ ಕೆಡುತ್ತಿದೆ.

ಬ್ಯಾಂಜೊ ಎಂದು ಮಹಾರಾಷ್ಟ್ರದಲ್ಲಿ ಕರೆಯುವುದು ಅಮೆರಿಕದ ಬ್ಯಾಂಜೊವನ್ನಲ್ಲ, ಬುಲ್‌ಬುಲ್ ತರಂಗವನ್ನು ಎಂಬುದು ಗಡಿಯವರಿಗೆ ಗೊತ್ತು. 1912ರಲ್ಲಿ ಜಪಾನಿನ ನಗೋಯಾದಲ್ಲಿ ಹುಟ್ಟಿದ ತೈಶೊಗೊತೊ ಅದರ ಮೂಲ. ಅದು ಇಲ್ಲಿಗೆ ಬಂದು ಭಜನೆಗೂ ಮದುವೆಗೂ ಗಣಪತಿಗೂ ಒಗ್ಗಿಕೊಂಡು, ಪಿಕಪ್ ಹಾಕಿಸಿಕೊಂಡು ಬೀದಿಗಿಳಿಯಿತು. 2016ರಲ್ಲಿ ರವಿ ಜಾಧವ್ 'ಬ್ಯಾಂಜೊ' ಹೆಸರಿನ ಸಿನಿಮಾ ತೆಗೆದರು. ನಾಯಕ ರಿತೇಶ್ ದೇಶಮುಖ್ ಲಾತೂರಿನವರೇ. 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರಗಳಲ್ಲಿ ಇಂದಿಗೂ ಒಂದೇ ಗಾಡಿಯಿಂದ ಮರಾಠಿ ಹಾಡೂ ಕನ್ನಡ ಹಾಡೂ ಹೊರಡುತ್ತವೆ.

ಹಂಬಕರ್ ಮಾಡಿದ ಉಪಕಾರವನ್ನು ಮೊದಲು ಹೇಳಬೇಕು. ಗಿಬ್ಸನ್ ಕಂಪನಿಯ ಸೆತ್ ಲವರ್ 1955ರಲ್ಲಿ ಅದಕ್ಕೆ ಪೇಟೆಂಟ್ ಅರ್ಜಿ ಹಾಕಿದರು, ಮಂಜೂರಾದದ್ದು 1959ರಲ್ಲಿ. ಒಂದೇ ಸುರುಳಿಯ ಪಿಕಪ್ ತಂತಿಯ ಕಂಪನದ ಜೊತೆಗೆ ಸುತ್ತಲಿನ ವಿದ್ಯುತ್ತಿನ ಗುಂಯ್ ಸದ್ದನ್ನೂ ಹಿಡಿಯುತ್ತದೆ. ಲವರ್ ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟರು. ಒಂದರ ಸುತ್ತು ಇನ್ನೊಂದಕ್ಕೆ ವಿರುದ್ಧ, ಅಯಸ್ಕಾಂತದ ಧ್ರುವವೂ ವಿರುದ್ಧ. ತಂತಿಯ ಸಂಕೇತ ಎರಡರಲ್ಲೂ ಕೂಡಿಕೊಳ್ಳುತ್ತದೆ. ಗುಂಯ್ ಸದ್ದು ಒಂದನ್ನೊಂದು ಕಳೆದುಕೊಳ್ಳುತ್ತದೆ. ಗಾಡಿಯ ಮೇಲೆ ಜನರೇಟರ್, ತಲೆಯ ಮೇಲೆ ಸಾಲು ದೀಪ, ಮಗ್ಗುಲಲ್ಲಿ ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಇಟ್ಟುಕೊಂಡು ನುಡಿಸುವ ಬ್ಯಾಂಜೊದವನಿಗೆ ಇದಕ್ಕಿಂತ ದೊಡ್ಡ ಸಹಾಯವಿಲ್ಲ. ಅರ್ಥಿಂಗ್ ಸರಿಯಿಲ್ಲದೆ ಬರುವ ಸದ್ದನ್ನು ಹಂಬಕರ್ ಅಳಿಸದು. ಅದು ಅದರ ಕೆಲಸವೂ ಅಲ್ಲ.

ಇನ್ನು ಅಂಕಿಗೆ ಬರೋಣ. ಕಿಲೊ ಓಮ್ ಎಂಬುದು ಸುರುಳಿಯ ತಾಮ್ರದ ತಂತಿ ವಿದ್ಯುತ್ತಿಗೆ ಒಡ್ಡುವ ತಡೆ, ಅಷ್ಟೆ. ತಾಮ್ರ ಬಿಸಿಯಾದರೆ ಒಂದೊಂದು ಡಿಗ್ರಿಗೆ ಶೇಕಡಾ 0.39ರಷ್ಟು ತಡೆ ಏರುತ್ತದೆ. ಜನವರಿಯ ಬೆಳಗ್ಗೆ 15 ಡಿಗ್ರಿಯಲ್ಲಿ 7.6 ಕಿಲೊ ಓಮ್ ತೋರಿಸಿದ ಹಂಬಕರ್, ಮೇ ತಿಂಗಳ ಮಧ್ಯಾಹ್ನ 42 ಡಿಗ್ರಿಯಲ್ಲಿ ಸುಮಾರು 8.4 ತೋರಿಸುತ್ತದೆ. ಸುತ್ತು ಅಷ್ಟೇ, ಅಯಸ್ಕಾಂತ ಅದೇ, ಬ್ಯಾಂಜೊ ಅದೇ. ಅಂಕಿ ನಂಬುವವರ ಪ್ರಕಾರ ನಮ್ಮೂರಿನ ಪಿಕಪ್‌ಗಳೆಲ್ಲ ಬೇಸಿಗೆಯಲ್ಲಿ ಜೋರಾಗಬೇಕು, ಚಳಿಗಾಲದಲ್ಲಿ ಮೆತ್ತಗಾಗಬೇಕು. ಹಾಗೆ ಆದದ್ದನ್ನು ಯಾರೂ ಕೇಳಿಲ್ಲ.

ತಂತಿಯ ದಪ್ಪದ ವಿಷಯ ಇದಕ್ಕಿಂತ ಮುಖ್ಯ. ಹಳೆಯ ಹಂಬಕರ್‌ಗೆ ಸುತ್ತಿದ್ದು 42 ಗೇಜಿನ ತಂತಿ, ಒಂದೊಂದು ಸುರುಳಿಗೆ ಸುಮಾರು 5,000 ಸುತ್ತು. ಅಷ್ಟೇ ಉದ್ದದ 44 ಗೇಜಿನ ತಂತಿ ಹಾಕಿದರೆ, ಅದು ತೆಳುವಾದ್ದರಿಂದ, ತಡೆ ಅರ್ಧಕ್ಕಿಂತಲೂ ಹೆಚ್ಚು ಏರುತ್ತದೆ: 8 ಇದ್ದದ್ದು 12 ದಾಟುತ್ತದೆ. ದನಿ ಹುಟ್ಟಿಸುವ ಸುತ್ತು ಒಂದೂ ಹೆಚ್ಚಿರುವುದಿಲ್ಲ. ಇಂಥ ಅಂಕಿಯನ್ನು ದನಿಯ ಅಳತೆ ಎಂದು ಪೆಟ್ಟಿಗೆಯ ಮೇಲೆ ಅಚ್ಚು ಮಾಡುವುದು ಗಿರಾಕಿಗೆ ಮಾಡುವ ಅನ್ಯಾಯ.

ದನಿಯನ್ನು ನಿಜವಾಗಿ ತೀರ್ಮಾನಿಸುವ ಅಳತೆ ಸುರುಳಿಯ ಇಂಡಕ್ಟನ್ಸ್. ಅದನ್ನು ಹೆನ್ರಿಯಲ್ಲಿ ಅಳೆಯುತ್ತಾರೆ. ಸುರುಳಿಯ ಇಂಡಕ್ಟನ್ಸ್, ಕೇಬಲಿನ ಕೆಪಾಸಿಟನ್ಸ್ ಎರಡೂ ಸೇರಿ ಯಾವುದೋ ಒಂದು ಕಂಪನಾಂಕದಲ್ಲಿ ದನಿಯನ್ನು ಎತ್ತುತ್ತವೆ. ಅದರ ಮೇಲಿನದೆಲ್ಲ ಬೇಗ ಇಳಿದು ಹೋಗುತ್ತದೆ. 4.5 ಹೆನ್ರಿಯ ಹಂಬಕರ್, ಒಟ್ಟು 600 ಪಿಕೊಫ್ಯಾರಡ್ ಎಂದು ಹಿಡಿದರೆ ಆ ಶಿಖರ ಸುಮಾರು 3,060 ಹರ್ಟ್ಸ್‌ನಲ್ಲಿ ನಿಲ್ಲುತ್ತದೆ. ಹೆಚ್ಚು ಸುತ್ತಿದ 8 ಹೆನ್ರಿಯದಾದರೆ 2,300ಕ್ಕೆ ಇಳಿಯುತ್ತದೆ. ಮಾತಿನಲ್ಲಿ ತ, ಚ, ಸಗಳನ್ನು ಬಿಡಿಬಿಡಿಯಾಗಿ ಕೇಳಿಸುವ, ಬ್ಯಾಂಜೊದಲ್ಲಿ ಮೀಟಿನ ಮೊದಲ ಚುರುಕನ್ನು ಕೇಳಿಸುವ ಪಟ್ಟಿಯೇ ಈ ನಡುವೆ ಕಳೆದುಹೋಗುತ್ತದೆ. ಹಾಗೆ ಕಳೆದ ದನಿ ನಮ್ಮಲ್ಲಿ ಎಲ್ಲಿಂದ ಹೊರಬರುತ್ತದೆ? ಭೋಂಗಾದಿಂದ, ಅಂದರೆ ಕಹಳೆಯಾಕಾರದ ಲೌಡ್‌ಸ್ಪೀಕರಿನಿಂದ. ಭೋಂಗಾ ತಗ್ಗು ಸ್ವರವನ್ನು ನುಡಿಸುವುದೇ ಇಲ್ಲ. ಮೇಲಿನದನ್ನು ಪಿಕಪ್ ಕತ್ತರಿಸಿತು, ಕೆಳಗಿನದನ್ನು ಭೋಂಗಾ ಕತ್ತರಿಸಿತು. ಉಳಿದದ್ದು ಮೂಗಿನಲ್ಲಿ ಹಾಡಿದಂಥ ನಡುವಿನ ತುಣುಕು. ನಿಲಂಗಾದ ಚೌಕದಲ್ಲಿ ನಾನು ಕೇಳಿದ್ದು ಇದನ್ನೇ.

ಇದಕ್ಕೆ ಒಂದು ಪ್ರತಿವಾದವಿದೆ. ಹಂಬಕರ್ ಮಂದವಾಗಿರುವುದಕ್ಕೆ ಅದು ತಂತಿಯನ್ನು ಎರಡು ಜಾಗದಲ್ಲಿ ಆಲಿಸುವುದೇ ಕಾರಣ, ಸುತ್ತಿನ ಲೆಕ್ಕ ಗೌಣ ಎಂದು ಕೆಲವು ಬಲ್ಲವರು ಬರೆಯುತ್ತಾರೆ. ಎರಡು ಸುರುಳಿಗಳ ಧ್ರುವಗಳ ಸಾಲುಗಳ ನಡುವೆ ಸುಮಾರು 18 ಮಿಲಿಮೀಟರ್ ಅಂತರವಿದೆ. 36 ಮಿಲಿಮೀಟರ್ ಉದ್ದದ ಅಲೆ ಒಂದು ಸಾಲಿನಲ್ಲಿ ಏರುವಾಗ ಇನ್ನೊಂದರಲ್ಲಿ ಇಳಿದು ಅಳಿಯುತ್ತದೆ. ಮಾತು ಸರಿ, ಆದರೆ ಲೆಕ್ಕ ಹಾಕಿ ನೋಡಿ. ಗಿಟಾರಿನ ಅತಿ ದಪ್ಪ ತಂತಿಯಲ್ಲಿ ಆ ಅಳಿವು ಸುಮಾರು 2,900 ಹರ್ಟ್ಸ್‌ನಲ್ಲಿ ಬೀಳುತ್ತದೆ, ಅತಿ ತೆಳು ತಂತಿಯಲ್ಲಿ 11,500ರಲ್ಲಿ. ಬ್ಯಾಂಜೊದ ಸ್ವರತಂತಿಗಳೂ ತೆಳು, ಬಿಗಿ. ದಪ್ಪ ತಂತಿಗೆ ನಿಜವಾದದ್ದನ್ನು ಎಲ್ಲ ತಂತಿಗೂ ಹಚ್ಚಿ ಸಿದ್ಧಾಂತ ಮಾಡಿದ್ದಾರೆ. ನಮ್ಮ ವಾದ್ಯದ ಮಟ್ಟಿಗೆ ತಪ್ಪಿತಸ್ಥ ಸುತ್ತೇ.

1957ರಿಂದ ಲೆಸ್ ಪಾಲ್ ಗಿಟಾರುಗಳಿಗೆ ಹಾಕಿದ ಮೊದಮೊದಲ ಹಂಬಕರ್‌ಗಳನ್ನು ದೇವರ ಕೋಣೆಯಲ್ಲಿಡುವವರೂ ಇದ್ದಾರೆ. ಅವುಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ. ಸುತ್ತುವ ಯಂತ್ರವನ್ನು ಅಂದಾಜಿನ ಮೇಲೆ ನಿಲ್ಲಿಸುತ್ತಿದ್ದರು, 7ರಿಂದ 9 ಕಿಲೊ ಓಮ್‌ವರೆಗೆ ಏನೂ ಸಿಗಬಹುದು. ಮುಂದೆ 1962ರ ಸುಮಾರಿಗೆ ಗಿಬ್ಸನ್ ಅವುಗಳ ತಳಕ್ಕೆ ಅಂಟಿಸಿದ ಪೇಟೆಂಟ್ ಸಂಖ್ಯೆ 2,737,842 ಪಿಕಪ್‌ನದೇ ಅಲ್ಲ, ಗಿಟಾರ್ ವಾದಕ ಲೆಸ್ ಪಾಲ್ ಅವರ, ತಂತಿಯ ತುದಿ ಕಟ್ಟುವ ಟೇಲ್‌ಪೀಸಿನದು. ಹಂಬಕರ್‌ನ ಮೈಮೇಲಿನ ಅಂಕಿಯನ್ನು ಕಣ್ಣುಮುಚ್ಚಿ ನಂಬಬಾರದೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷಿ ಬೇಡ.

ನನ್ನ ನಿಜವಾದ ಜಗಳ ಇರುವುದು ಬ್ಯಾಂಜೊವನ್ನೇ ಗದ್ದಲವೆಂದು ತಳ್ಳಿಹಾಕುವ ಸಂಗೀತ ವಿಮರ್ಶಕರ ಜೊತೆ. ಪಿಕಪ್ ಹಾಕಿದ ಕ್ಷಣ ವಾದ್ಯ ಸತ್ತಿತು ಎನ್ನುತ್ತಾರೆ. ಯು. ಶ್ರೀನಿವಾಸ್ ಐದು ತಂತಿಯ ಎಲೆಕ್ಟ್ರಿಕ್ ಮ್ಯಾಂಡೊಲಿನ್‌ನಲ್ಲಿ ರಾಗ ಬಿಡಿಸಿದಾಗ ಇದೇ ಜನ ತಲೆದೂಗಿದರು. ಸಭೆಯ ಮ್ಯಾಂಡೊಲಿನ್‌ಗೆ ಸಲ್ಲುವ ವಿದ್ಯುತ್ತು ಬೀದಿಯ ಬ್ಯಾಂಜೊಗೆ ಯಾಕೆ ಸಲ್ಲದು? ಯಾವ ಪಿಕಪ್, ಎಷ್ಟು ಸುತ್ತು, ಎಷ್ಟು ಎತ್ತರ ಎಂಬುದನ್ನು ಒಮ್ಮೆಯೂ ಕೇಳದೆ ತೀರ್ಪು ಕೊಟ್ಟರು. ಸಿತಾರಿನ ಜವಾರಿಯ, ಅಂದರೆ ಕುದುರೆಯ ಮೇಲೆ ತಂತಿ ಝೇಂಕರಿಸುವ ಗುಣದ, ಬಗ್ಗೆ ಪುಟಗಟ್ಟಲೆ ಬರೆಯುವ ವಿಮರ್ಶೆಗೆ, ಉದಗೀರದ ಮದುವೆಯಲ್ಲಿ ಸಾವಿರ ಜನ ಕೇಳುವ ವಾದ್ಯದ ಬಗ್ಗೆ ಒಂದು ಸಾಲು ಕಿವಿಗೊಟ್ಟು ಬರೆಯಲು ಆಗಲಿಲ್ಲ. ಕೆಟ್ಟ ದನಿಗೆ ವಾದ್ಯವನ್ನೂ ವಾದಕನನ್ನೂ ಬೈದರು; ಅಂಗಡಿಯವನು ಹದಿನಾರು ಎಂದದ್ದನ್ನು ತಿದ್ದುವವರು ಇರಲಿಲ್ಲ.

ಜಾಸ್ತಿ ಸುತ್ತಿದ ಹಂಬಕರ್‌ಗೂ ಅದರ ಜಾಗವಿದೆ. 1972ರ ಡಿಮಾರ್ಜಿಯೊ ಸೂಪರ್ ಡಿಸ್ಟಾರ್ಷನ್ ಹುಟ್ಟಿದ್ದೇ ವಾಲ್ವ್ ಆಂಪ್ಲಿಫೈಯರನ್ನು ಒಡೆದ ದನಿಗೆ ತಳ್ಳಲು. ಹೆವಿ ಮೆಟಲ್ ಬ್ಯಾಂಡಿಗೆ ಅದು ಬೇಕು. ಹಾಡಿನ ಧಾಟಿಯನ್ನು ಬೀದಿಯ ಕೊನೆಯ ಮನೆಯವರೆಗೆ ಮುಟ್ಟಿಸಬೇಕಾದ ಬ್ಯಾಂಜೊಗೆ ಬೇಡ.

ಬ್ಯಾಂಜೊದವರಿಗೆ ನಾನು ಹೇಳುವುದು ಇಷ್ಟು. ಪಿಕಪ್ ಕೊಳ್ಳುವಾಗ ಹೆನ್ರಿ ಎಷ್ಟೆಂದು ಕೇಳಿ, ಐದರೊಳಗಿನದನ್ನು ಆರಿಸಿ. ಕೇಬಲ್ ಮೂರು ಮೀಟರ್ ಸಾಕು, ಉದ್ದ ಹೆಚ್ಚಿದಷ್ಟೂ ಚುರುಕು ಸಾಯುತ್ತದೆ. ಪಿಕಪ್ಪನ್ನು ತಂತಿಗೆ ಒತ್ತಿ ಕೂಡಿಸಬೇಡಿ, ಅಯಸ್ಕಾಂತ ತಂತಿಯನ್ನು ಎಳೆದು ಅನುರಣನವನ್ನು ನುಂಗುತ್ತದೆ. ಸದ್ದು ಕಡಿಮೆ ಎನಿಸಿದರೆ ಮಿಕ್ಸರಿನಲ್ಲಿ ಏರಿಸಿ. ಪಿಕಪ್ ಕಳೆದ ಚುರುಕನ್ನು ಯಾವ ಮಿಕ್ಸರೂ ಮರಳಿ ಕೊಡದು.

ನಿಲಂಗಾದ ಆ ವಾದಕರು ಹಳೆಯ ಎಂಟರದನ್ನು ಎಸೆದಿರಲಿಲ್ಲ. ಈಗ ಅದೇ ಮತ್ತೆ ಅವರ ಬ್ಯಾಂಜೊದಲ್ಲಿದೆ, ತಂತಿಯಿಂದ ಮೂರು ಮಿಲಿಮೀಟರ್ ಕೆಳಗೆ.