ಸರ್ವರ್‌ಗೆ ಹೊಸ ಸಂಸ್ಕಾರಕವೇ ಬೇಕೇ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ಯಾವುದಾದರೂ ಕಾಲೇಜಿನ ಗಣಕ ಪ್ರಯೋಗಾಲಯದಲ್ಲಿ ಲಿನಕ್ಸ್ ಸರ್ವರ್ ಅನುಸ್ಥಾಪಿಸಲು ನೀವು ಹೊರಟಿದ್ದೀರಿ ಎನ್ನೋಣ. ಮೊದಲು ನೋಡಬೇಕಾದದ್ದು ಯಂತ್ರ ಕೊಂಡ ವರ್ಷವನ್ನಲ್ಲ, ಅದರ ಸಂಸ್ಕಾರಕ ಯಾವ ಆಜ್ಞೆಗಳನ್ನು ಬಲ್ಲದು ಎಂಬುದನ್ನು.

2025ರ ಮೇ ತಿಂಗಳಲ್ಲಿ ಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 10, ಇಂಟೆಲ್ ಮತ್ತು ಎಎಂಡಿ ಯಂತ್ರಗಳಿಗೆ ‘ಎಕ್ಸ್86-64-ವಿ3’ ಮಟ್ಟವನ್ನು ಕಡ್ಡಾಯ ಮಾಡಿತು. ಎವಿಎಕ್ಸ್2 ಆಜ್ಞೆಗಳು ಈ ಮಟ್ಟಕ್ಕೆ ಸೇರಿದವು. ಇಂಟೆಲ್ ಅವನ್ನು 2013ರ ಹ್ಯಾಸ್‌ವೆಲ್ ಪೀಳಿಗೆಯಲ್ಲೇ ತಂದಿತ್ತು. ಹಾಗಿದ್ದರೆ ತಕರಾರೇನು ಎನ್ನಬಹುದು. ಆದರೆ 2018ರ ಪೆಂಟಿಯಂ ಗೋಲ್ಡ್ ಜಿ5400ರಲ್ಲಿ ಎವಿಎಕ್ಸ್2 ಇಲ್ಲ! ಅಗ್ಗದ ಸಂಸ್ಕಾರಕಗಳಿಗೆ ಇಂಟೆಲ್ ಅದನ್ನು ಬಹುಕಾಲ ಕೊಡಲಿಲ್ಲ. ಅಂಥ ಯಂತ್ರದಲ್ಲಿ ಅನುಸ್ಥಾಪನೆ ಆರಂಭದಲ್ಲೇ ನಿಂತುಬಿಡುತ್ತದೆ.

ಎವಿಎಕ್ಸ್2 ಒಂದೇ ಆಜ್ಞೆಯಲ್ಲಿ 32 ಬಿಟ್‌ನ ಎಂಟು ಜೊತೆ ಪೂರ್ಣಾಂಕಗಳನ್ನು ಕೂಡಬಲ್ಲದು. ವೈಜ್ಞಾನಿಕ ಗಣನೆಗೆ, ಚಿತ್ರ ಸಂಸ್ಕರಣೆಗೆ ಇದು ವರವೇ ಸರಿ. ವಿದ್ಯಾರ್ಥಿಗಳ ಕಡತ ಕಾಯ್ದಿಡುವ ಸರ್ವರ್‌ಗೋ, ಸಾಮಾನ್ಯವಾಗಿ ಡಿಸ್ಕ್ ಮತ್ತು ಜಾಲದ ವೇಗವೇ ಮಿತಿ. ಮೇಲಾಗಿ, ಓಡುವಾಗಲೇ ಸಂಸ್ಕಾರಕವನ್ನು ಗುರುತಿಸಿ ತಕ್ಕ ಆಜ್ಞೆಗಳನ್ನು ಆರಿಸಿಕೊಳ್ಳುವ ಏರ್ಪಾಡು ಲಿನಕ್ಸ್‌ನ ಗ್ಲಿಬ್‌ಸಿ ಲೈಬ್ರರಿಯಲ್ಲಿ ಹಿಂದಿನಿಂದಲೂ ಇದೆ. ಯಂತ್ರ ಕೆಡುವವರೆಗೂ ದುಡಿಸಿಕೊಳ್ಳುವ ತಾಲ್ಲೂಕು ಕಾಲೇಜುಗಳ ಮಟ್ಟಿಗೆ ಈ ಕಡ್ಡಾಯ ಅತಿಯಾಯಿತು.

ಆಲ್ಮಾಲಿನಕ್ಸ್ 10 ಕೆಳಗಿನ ವಿ2 ಮಟ್ಟಕ್ಕೂ ಪ್ರತ್ಯೇಕ ಆವೃತ್ತಿ ಹೊರತಂದು ಜಾಣತನ ತೋರಿತು. ಡೆಬಿಯನ್ 13 ಇನ್ನೂ ಉದಾರಿ. 64 ಬಿಟ್‌ನ ಮೂಲ ಮಟ್ಟವೇ ಅದಕ್ಕೆ ಸಾಕು.

ಲೈವ್ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಯಂತ್ರ ಚಾಲೂ ಮಾಡಿ, ‘ಎಲ್‌ಎಸ್‌ಸಿಪಿಯು’ ಆಜ್ಞೆ ಕೊಟ್ಟು, ಫ್ಲ್ಯಾಗ್‌ಗಳ ಸಾಲಿನಲ್ಲಿ ಎವಿಎಕ್ಸ್2 ಹುಡುಕಿ. ವರ್ಚುವಲ್ ಯಂತ್ರದೊಳಗೆ ಹುಡುಕಿದರೆ ಮೋಸಹೋದೀರಿ. ಅದರ ಕೆಲವು ಸಂಯೋಜನೆಗಳು ಇರುವುದನ್ನೂ ಮರೆಮಾಡುತ್ತವೆ.