ಪರದೆಗೆ ಹಿಂಬದಿ ಇದ್ದ ಕಾಲ

ತೊಂಬತ್ತರ ದಶಕದ ಶುರುವಿನಲ್ಲಿ ಉಳವಿಗೆ ಪ್ರಚಾರದ ಸಿನಿಮಾ ಜೀಪು ಬಂತು ಅಂದ್ರೆ ನಾವು ಹುಡುಗರು ಪರದೆಯ ಹಿಂದೆ ಹೋಗಿ ಕೂರ್ತಿದ್ವಿ. ಮುಂದುಗಡೆ ದೊಡ್ಡವರ ಮಧ್ಯೆ ಜಾಗ ಸಿಗ್ತಿರಲಿಲ್ಲ. ಅದೂ ಅಲ್ಲದೆ ಹಿಂದಿನಿಂದ ನೋಡಿದರೆ ಅಕ್ಷರವೆಲ್ಲ ಉಲ್ಟಾ, ಮಂತ್ರಿಗಳು ಎಡಗೈಯಲ್ಲಿ ರಿಬ್ಬನ್ ಕತ್ತರಿಸೋರು. ನಗು ತಡೆಯೋಕೆ ಆಗ್ತಿರಲಿಲ್ಲ.

ಆ ಜೀಪುಗಳೂ ಪ್ರಚಾರಕ್ಕೇ ಬರುತ್ತಿದ್ದವು, ಅನುಮಾನ ಬೇಡ. ಕೇಂದ್ರ ಸರ್ಕಾರ 1948ರಲ್ಲಿ ಫಿಲ್ಮ್ಸ್ ಡಿವಿಜನ್ ಶುರು ಮಾಡಿತು. 1953ರಲ್ಲಿ ಪಂಚವಾರ್ಷಿಕ ಯೋಜನೆಯ ಪ್ರಚಾರಕ್ಕೆ ಅಂತ ಹುಟ್ಟಿದ ಘಟಕ ಮುಂದೆ ಕ್ಷೇತ್ರ ಪ್ರಚಾರ ನಿರ್ದೇಶನಾಲಯ ಆಯ್ತು. ಕುಟುಂಬ ಯೋಜನೆ, ಹೊಸ ಗೊಬ್ಬರ, ಅಣೆಕಟ್ಟು, ತುರ್ತು ಪರಿಸ್ಥಿತಿಯಲ್ಲಿ ಇಪ್ಪತ್ತು ಅಂಶದ ಕಾರ್ಯಕ್ರಮ, ಯಾವುದರಲ್ಲೂ ಸರ್ಕಾರ ತಪ್ಪು ಮಾಡಿದ್ದೇ ಇಲ್ಲ. ಜನ ಸಹಿಸಿಕೊಂಡು ಕೂರ್ತಿದ್ದದ್ದು ಕೊನೆಗೆ ರಾಜಕುಮಾರ್ ಸಿನಿಮಾ ಹಾಕಬಹುದು ಅನ್ನೋ ಆಸೆಗೆ.

ಆದರೆ ರೀಲು ಬದಲಾಯಿಸೋಕೆ ಪ್ರೊಜೆಕ್ಟರ್ ನಿಲ್ಲಿಸಲೇಬೇಕಿತ್ತು. ಆ ಐದು ನಿಮಿಷದಲ್ಲಿ ಯಾರಾದರೂ ಎದ್ದು "ಗೊಬ್ಬರ ಸೊಸೈಟಿಗೇ ಬಂದಿಲ್ಲ, ಎಂತ ತೋರಿಸ್ತೀರಿ ಸ್ವಾಮಿ?" ಅಂತ ಕೇಳೋರು. ಮೈಕು ಹಿಡಿದ ಅಧಿಕಾರಿ ಏನೋ ಒಂದು ಹೇಳಲೇಬೇಕು. ಹಾರಿಕೆ ಉತ್ತರವೇ ಇರಲಿ, ಹಾರಿಸಿದ್ದು ಊರಿಗೆಲ್ಲ ಕಾಣ್ತಿತ್ತು.

ಆ ನಿರ್ದೇಶನಾಲಯವನ್ನು 2017ರಲ್ಲಿ ಬೇರೆ ಘಟಕಗಳ ಜೊತೆ ಸೇರಿಸಿಬಿಟ್ಟರು. ಮರುವರ್ಷವೇ ವಿಧಾನಸಭೆ ಚುನಾವಣೆ. ಸೊರಬದಲ್ಲಿ ಬಂಗಾರಪ್ಪನವರ ಇಬ್ಬರು ಮಕ್ಕಳು ಎದುರಾಬದುರು, ಪಕ್ಕದ ಶಿಕಾರಿಪುರದಲ್ಲಿ ಯಡಿಯೂರಪ್ಪ. ಅಂಥ ಹೊತ್ತಲ್ಲಿ ಉಳವಿಗೆ ಎಲ್‌ಇಡಿ ವ್ಯಾನು ಬಾರದೆ ಇರುತ್ತಾ? ಒಂದು ಪಕ್ಷದ್ದಲ್ಲ, ಹಾಗಾಗಿ ಹೆಸರು ಬಿಡ್ತೀನಿ. ಚಿತ್ರಗಳಂತೂ ಒಂದೇ ಅಚ್ಚು. ಮೇಲಿನಿಂದ ಡ್ರೋನ್‌ನಲ್ಲಿ ಹಸಿರು ಗದ್ದೆ, ಜೋರು ಹಾಡು, ನಾಯಕರು ನಿಧಾನಕ್ಕೆ ನಡೆದು ಬರೋದು, ಮುದುಕಿಯೊಬ್ಬಳು ಕೈ ಮುಗಿಯೋದು. ಮೂರು ಸೆಕೆಂಡಿಗಿಂತ ಹೆಚ್ಚು ಯಾವ ಮುಖವೂ ನಿಲ್ಲಲ್ಲ. ನಿಂತರೆ ಆ ಮುದುಕಿಯ ಊರು ಯಾವುದು ಅಂತ ಯಾರಾದರೂ ಕೇಳಬಹುದಲ್ಲ!

ಒಂದು ಚಿತ್ರದಲ್ಲಿ ರೈತನೊಬ್ಬ ಹಕ್ಕುಪತ್ರ ಎತ್ತಿ ಹಿಡಿದು ನಗ್ತಾನೆ. ನನ್ನ ಪಕ್ಕದಲ್ಲಿ ನಿಂತಿದ್ದ ಚಿಕ್ಕಪ್ಪ ಬಗರ್‌ಹುಕುಂ ಸಾಗುವಳಿದಾರ. ಎರಡು ಎಕರೆಗೆ ಫಾರಂ 53 ಹಾಕಿ 19 ವರ್ಷ. ಸೀದಾ ವ್ಯಾನಿನ ಹತ್ರ ಹೋಗಿ, "ತಮ್ಮಾ, ಇವನಿಗೆ ಹೆಂಗೆ ಸಿಕ್ತು? ಯಾವ ತಾಲೂಕಿನವ?" ಅಂದರು. "ನಾನು ಡ್ರೈವರ್ ಕಣಣ್ಣ, ಹಾವೇರಿ ಕಡೆಯವ. ಪೆನ್‌ಡ್ರೈವ್ ಹಾಕೋದಷ್ಟೇ ನನ್ನ ಕೆಲಸ" ಅಂದ ಆ ಹುಡುಗ. ಪಾಪ, ಅವನದೇನು ತಪ್ಪು. ನಾನು ಸುಮ್ಮನೆ ವ್ಯಾನಿನ ಹಿಂದಕ್ಕೆ ಹೋಗಿ ನೋಡಿದೆ. ಹಿಂದೆ ತಗಡು, ವೈರು, ಗುರುಗುಡುವ ಜನರೇಟರ್. ಅಲ್ಲಿಂದ ನೋಡೋಕೆ ಏನೂ ಇರಲಿಲ್ಲ.

ಈ ಚಿತ್ರಗಳಲ್ಲಿ ಸುಳ್ಳಿದೆ ಅನ್ನೋದು ನನ್ನ ಮುಖ್ಯ ತಕರಾರಲ್ಲ. ಆ ರೈತನಿಗೆ ನಿಜಕ್ಕೂ ಹಕ್ಕುಪತ್ರ ಸಿಕ್ಕಿರಬಹುದು. ತಕರಾರು ಏನಂದ್ರೆ, ಎದುರು ನಿಂತವನು ಮಾತಾಡಬಹುದು ಅನ್ನೋ ಯೋಚನೆಯೇ ಅವುಗಳ ಕಟ್ಟೋಣದಲ್ಲಿ ಇಲ್ಲ. ನಾವು ಬೆಂಗಳೂರಲ್ಲಿ ಬರೆಯೋ ಎರಡು ಕಾಸಿನ ಆ್ಯಪ್‌ಗೂ ದೂರು ಹೇಳೋಕೆ ಒಂದು ಬಟನ್ ಇಡ್ತೀವಿ ಮಾರಾಯ್ರೆ.

1932ರಲ್ಲಿ ಸೋವಿಯತ್ ನಿರ್ದೇಶಕ ಅಲೆಕ್ಸಾಂಡರ್ ಮೆಡ್ವೆಡ್ಕಿನ್ ಒಂದು ರೈಲಿನೊಳಗೇ ಲ್ಯಾಬ್, ಎಡಿಟಿಂಗ್ ಎಲ್ಲ ಇಟ್ಟುಕೊಂಡು ತಿರುಗಿದ. ಗಣಿಯಲ್ಲಿ, ಸಾಮೂಹಿಕ ಜಮೀನಿನಲ್ಲಿ ಅಲ್ಲಿನ ಕೆಲಸವನ್ನು, ಕೆಲಸಗೇಡಿತನವನ್ನೂ ಚಿತ್ರಿಸಿ, ಅಲ್ಲಿಯವರಿಗೇ ತೋರಿಸಿ ಚರ್ಚೆಗೆ ಕೂರಿಸುತ್ತಿದ್ದ. ಸ್ಟಾಲಿನ್ ಕಾಲದ ಶುದ್ಧ ಪ್ರಚಾರವೇ ಅದು. ಆದರೂ ನೋಡೋರು ಪರದೆ ಮೇಲೆ ತಮ್ಮದೇ ಸ್ಥಳ ಕಂಡು ಜಗಳ ಆಡಬಹುದಿತ್ತು. ನಮ್ಮೂರಿಗೆ ಬಂದ ಅಷ್ಟೂ ವ್ಯಾನುಗಳಲ್ಲಿ ಉಳವಿಯ ಒಂದು ಬೀದಿಯೂ ಕಾಣಲಿಲ್ಲ.

ಮತದಾನ ಮುಗಿಯೋ ಹೊತ್ತಿಗೆ 48 ಗಂಟೆ ಮುಂಚೆ ಇಂಥ ಪ್ರದರ್ಶನ ನಿಲ್ಲಬೇಕು ಅಂತ ಪ್ರಜಾಪ್ರತಿನಿಧಿ ಕಾಯ್ದೆಯ 126ನೇ ಸೆಕ್ಷನ್ ಹೇಳುತ್ತೆ. ಮೇ 12ಕ್ಕೆ ಮತದಾನ, ವ್ಯಾನುಗಳು ಹೊರಟು ಹೋದವು. ಹನ್ನೊಂದರ ರಾತ್ರಿ ಅದೇ ಹಕ್ಕುಪತ್ರದ ರೈತ ನಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಬಂದ. ಕಳಿಸಿದವನು ಅತ್ತೆಯ ಮಗ, ನನ್ನ ಹಾಗೇ ಬಿಇ ಓದಿ ವೈಟ್‌ಫೀಲ್ಡ್‌ನಲ್ಲಿ ಕೆಲಸ ಮಾಡೋನು.

ಚಿಕ್ಕಪ್ಪ ಬೆಳಿಗ್ಗೆ ಅವನಿಗೇ ಫೋನ್ ಮಾಡಿ, ಯಾವ ತಾಲೂಕಿನವ ಅಂತ ಕೇಳಿದರಂತೆ.